ಮ್ಯೂಲ್ ಕೆರೆ ಮೆತ್ತಗಿದೆ

ಮ್ಯೂಲ್ ಕೆರೆ, ನೆವಾಡಾ
1962 ಫೆಬ್ರವರಿ 11

ಮಗಳು ಲೊರೇನ್‌ಗೆ,

ನೀನು ಕ್ರಿಸ್‌ಮಸ್‌ಗೆ ಕಳಿಸಿದ ಕಾರ್ಡು ನಿನ್ನೆ ಸಿಕ್ಕಿತು. ಅಂಚೆಯವರ ತಪ್ಪಲ್ಲ. ಮಳೆಗೆ ದಾರಿ ಕೊಚ್ಚಿಹೋಗಿ ನಾನೇ ಏಳು ವಾರದಿಂದ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಕಾರ್ಡಿನಲ್ಲಿ ನಿನ್ನದು, ಅಳಿಯ ಡ್ವೈಟ್‌ನದು, ಟೆಸ್ ಮರಿಯದು, ಮೂರು ಹೆಸರು ಬಿಟ್ಟರೆ ಬೇರೆ ಒಂದಕ್ಷರ ಇರಲಿಲ್ಲ. ಅಷ್ಟಾದರೂ ಬಂತಲ್ಲ ಎಂದುಕೊಂಡೆ. ನಿನ್ನಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ನಿನ್ನಿಂದ ಬಂದದ್ದು ಇದೊಂದೇ.

ಕೆರೆ ತುಂಬಿದೆ. ವರ್ಷದಲ್ಲಿ ಒಂಬತ್ತು ತಿಂಗಳು ಒಣಗಿ ಬಿದ್ದಿರುವುದನ್ನು ಕೆರೆ ಅನ್ನುವುದೇ ತಮಾಷೆ. ಈಗ ನಾಲ್ಕು ಬೆರಳು ನೀರಿದೆ, ಏಳು ಮೈಲಿ ಅಗಲಕ್ಕೆ. ಗಾಳಿ ಬೀಸಿದರೆ ನೀರೆಲ್ಲ ಎದ್ದು ಆ ದಡಕ್ಕೆ ಹೋಗುತ್ತದೆ, ಗಾಳಿ ನಿಂತರೆ ಈ ದಡಕ್ಕೆ ಬರುತ್ತದೆ. ಹಾಗೆ ಓಡಾಡಿಯೇ ಅದು ನೆಲವನ್ನು ಸಾರಿಸಿ ಸಮ ಮಾಡುವುದು. ಅದು ಇಂಗುವವರೆಗೆ ನನಗೆ ಕೆಲಸವಿಲ್ಲ. ಡಬ್ಬಿ ಬೀನ್ಸ್ ಬಿಸಿ ಮಾಡಿ ತಿನ್ನುವುದು, ಮೊಣಕಾಲಿಗೆ ಮುಲಾಮು ತಿಕ್ಕುವುದು, ಮತ್ತೆ ಮಲಗುವುದು. ಐವತ್ತೊಂಬತ್ತಕ್ಕೇ ಇಷ್ಟು ಸುಸ್ತಾದರೆ ಮುಂದೆ ಹೇಗೋ ಗೊತ್ತಿಲ್ಲ.

ಡ್ವೈಟ್‌ಗೆ ಹೇಳು, ಈ ಸಲ ಕೆರೆ ತಡವಾಗಿ ಒಣಗುತ್ತದೆ.

ಒಂದು ಸಾಲಾದರೂ ಬರಿ.

ನಿನ್ನ ಅಪ್ಪ,
ಹಾರ್ಲನ್ ಪ್ರುಯಿಟ್


ವಾಯುನೆಲೆ ವಸತಿ, ಕ್ಯಾಲಿಫೋರ್ನಿಯಾ
1962 ಮಾರ್ಚ್ 11

ಅಪ್ಪಾ,

ಬರೆಯಬಾರದು ಎಂದೇನೂ ಇರಲಿಲ್ಲ. ಏನು ಬರೆಯಬೇಕೋ ತಿಳಿಯಲಿಲ್ಲ, ಅಷ್ಟೇ.

ವಿಮಾನ ಬಿದ್ದು ಗ್ಲೆನ್ ಹೋದದ್ದು ನಿನಗೆ ಗೊತ್ತಾಗಿರಬೇಕು. ನಮ್ಮ ಎದುರು ಮನೆಯವನು. ಬೇರೆ ವಿಮಾನ ಹಾರಿಸುತ್ತಿದ್ದ, ಡ್ವೈಟ್‌ನ ಕಪ್ಪು ವಿಮಾನವನ್ನಲ್ಲ. ಹದಿನೈದು ದಿನದಲ್ಲಿ ಅವನ ಹೆಂಡತಿ ಮನೆ ಖಾಲಿ ಮಾಡಿದಳು. ಪೆಟ್ಟಿಗೆ ಕಟ್ಟಲು ನಾವು ನಾಲ್ಕು ಜನ ಹೆಂಗಸರು ಹೋಗಿದ್ದೆವು. ಯಾರೂ ಅಳಲಿಲ್ಲ. ಅವಳು ಅಡುಗೆಮನೆ ಒರೆಸುತ್ತ, “ಮುಂದೆ ಬರೋಳು ಒಲೆ ಕೊಳಕಾಗಿತ್ತು ಅನ್ನಬಾರದು ನೋಡಿ” ಎಂದಳು. ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಡ್ವೈಟ್ ಮಾತು ಕಡಿಮೆ ಮಾಡಿದ್ದಾನೆ. ಜನವರಿಯ ಹಾರಾಟದಲ್ಲಿ ಅವನ ವಿಮಾನವನ್ನು ಹೊತ್ತೊಯ್ದ ದೊಡ್ಡ ವಿಮಾನ ಅವನನ್ನು ರೆಕ್ಕೆಯ ಕೆಳಗಿನಿಂದ ಬೀಳಿಸಿದ ಮೇಲೆ ರಾಕೆಟ್ ಒಂದೇ ಸಲಕ್ಕೆ ಹೊತ್ತಿಕೊಳ್ಳಲಿಲ್ಲವಂತೆ. ಹತ್ತು ಸೆಕೆಂಡು ಕಲ್ಲಿನಂತೆ ಬಿದ್ದಿದ್ದಾನೆ. ಇದನ್ನು ಅವನು ಹೇಳಿದ್ದಲ್ಲ, ಪಾರ್ಟಿಯಲ್ಲಿ ಬೇರೆಯವರು ನಕ್ಕುಕೊಂಡು ಹೇಳಿದ್ದು. ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ತಟ್ಟೆಯ ಮೇಲೆ ಟಕಟಕ ಸದ್ದಾಗುತ್ತದೆ. ಟೆಸ್‌ಗೆ ಆರು ವರ್ಷ, ಅವಳಿಗೆ ಅದು ಆಟ. ಅಪ್ಪ ತಾಳ ಹಾಕುತ್ತಾನೆ ಎಂದುಕೊಂಡಿದ್ದಾಳೆ.

ಕೆರೆ ಯಾವಾಗ ಒಣಗುತ್ತದೆ?

ಲೊರೇನ್


ವಾಯುನೆಲೆ ವಸತಿ
1962 ಏಪ್ರಿಲ್ 8

ಅಪ್ಪಾ,

ಸುತ್ತಿ ಬಳಸಿ ಬರೆಯುವುದಿಲ್ಲ.

ಡ್ವೈಟ್‌ನ ಸರದಿ ಜೂನ್ 30ಕ್ಕೆ ಮುಗಿಯುತ್ತದೆ. ಆಮೇಲೆ ಅವನಿಗೆ ಆಫೀಸಿನಲ್ಲಿ ಮೇಜು ಕೊಡುತ್ತಾರೆ. ಕಪ್ಪು ವಿಮಾನ ಮಾರ್ವಿನ್ ಬೀಚಮ್‌ನ ಕೈಗೆ ಹೋಗುತ್ತದೆ. ಮಾರ್ವಿನ್ ಮದುವೆಯಾಗಿಲ್ಲ. ಹೀಗೆ ಬರೆಯುವುದು ಪಾಪ ಎಂದು ನನಗೆ ಗೊತ್ತು, ಆದರೂ ಬರೆದಿದ್ದೇನೆ.

ಅಷ್ಟರೊಳಗೆ ಡ್ವೈಟ್‌ಗೆ ಉಳಿದಿರುವುದು ಒಂದೇ ಹಾರಾಟ. ಶಬ್ದಕ್ಕಿಂತ ಆರು ಪಟ್ಟು ವೇಗದ್ದು. ಇದುವರೆಗೆ ಈ ವಿಮಾನ ಅಷ್ಟು ಜೋರಾಗಿ ಹೋಗಿಲ್ಲ, ರೆಕ್ಕೆಯ ಅಂಚು ಕೆಂಪಗೆ ಕಾಯುತ್ತದಂತೆ. ಆ ಹಾರಾಟದ ದಾರಿಯಲ್ಲಿ ನಿನ್ನ ಕೆರೆ ಇದೆ. ರಾಕೆಟ್ ಕೈಕೊಟ್ಟರೆ ಇಳಿಯಲು ಕೆರೆ ಗಟ್ಟಿ ಇರಲೇಬೇಕು, ಇಲ್ಲದಿದ್ದರೆ ಹಾರಾಟವೇ ಇಲ್ಲ. ಗಟ್ಟಿ ಇದೆಯೋ ಇಲ್ಲವೋ ಹೇಳುವವನು ನೀನು ಒಬ್ಬನೇ.

ಜೂನ್ ಕೊನೆಯವರೆಗೆ ಮೆತ್ತಗಿದೆ ಎಂದು ಬರೆದುಬಿಡು ಅಪ್ಪಾ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನನಗೆ ಸಾವಿರ ವರ್ಷ ಬೇಡ. ಟೆಸ್ ದೊಡ್ಡವಳಾಗುವವರೆಗೆ ಅವನಿದ್ದರೆ ಸಾಕು.

ಲೊರೇನ್


ಮ್ಯೂಲ್ ಕೆರೆ
1962 ಏಪ್ರಿಲ್ 15

ಲೊರೇನ್,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಇನ್ನೊಬ್ಬರ ಕೈಗೆ ಸಿಗಬಾರದಲ್ಲ.

ನನ್ನ ಕೆಲಸ ಏನು ಎಂದು ನೀನು ಮದುವೆಗೆ ಮುಂಚೆ ನೋಡಿದ್ದೀಯ. ಹದಿನೆಂಟು ಪೌಂಡ್ ತೂಕದ ಕಬ್ಬಿಣದ ಗುಂಡನ್ನು ಆರಡಿ ಎತ್ತರದಿಂದ ಬೀಳಿಸುವುದು, ನೆಲದಲ್ಲಿ ಬಿದ್ದ ಕುಳಿಯ ಅಗಲ ಅಳೆಯುವುದು. ಮೂರು ಇಂಚಿನೊಳಗಿದ್ದರೆ ಗಟ್ಟಿ, ದಾಟಿದರೆ ಮೆತ್ತಗೆ. ಒಂದು ಕಡೆಯಲ್ಲ, ವಿಮಾನ ಇಳಿಯಲು ಎಳೆದ ಕರಿ ಟಾರಿನ ಗೆರೆಯ ಉದ್ದಕ್ಕೂ ನಲವತ್ತು ಕಡೆ. ನಲವತ್ತು ಸಲ ಗುಂಡು ಎತ್ತಿದರೆ ಸೊಂಟ ಬೇರೆ, ನಾನು ಬೇರೆ. ಶನಿವಾರ ಇಪ್ಪತ್ತೆರಡು ಮೈಲಿ ಹೋಗಿ ಬರ್ನಿಸ್‌ಳ ಅಂಗಡಿಯಲ್ಲಿ ಆ ವಾರದ ಚೀಟಿಯನ್ನು ಅಂಚೆಗೆ ಹಾಕುತ್ತೇನೆ. ಅದನ್ನು ಇನ್ನೊಬ್ಬರು ಬಂದು ಪರೀಕ್ಷಿಸುವುದಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಯಾರೂ ಬಂದಿಲ್ಲ. ಈ ಕೆಲಸ ನನಗೆ ಕಲಿಸಿದ ಮುದುಕ ಹೋಗುವ ದಿನ ಗುಂಡನ್ನು ನನ್ನ ಕೈಗೆ ಕೊಟ್ಟು, “ಅವ್ರು ಇಳಿಯೋದು ಕೆರೆ ಮೇಲಲ್ಲ ಕಣಯ್ಯ, ನಿನ್ನ ಮಾತಿನ ಮೇಲೆ” ಎಂದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನನ್ನಿಂದ ಆಗುವುದಿಲ್ಲ ಮಗಳೇ. ಡ್ವೈಟ್ ಬಗ್ಗೆ ನನಗೆ ಪ್ರೀತಿ ಇಲ್ಲ ಎಂದಲ್ಲ. ಅವನು ನನ್ನನ್ನು ಕೆರೆ ಮಾವ ಎಂದು ರೇಗಿಸುವುದು ನನಗೆ ಇಷ್ಟ.

ನಿನ್ನೆ ಕುಳಿ ಮೂರೂವರೆ ಇಂಚು. ಇನ್ನು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ.

ಅಪ್ಪ


ವಾಯುನೆಲೆ ವಸತಿ
1962 ಏಪ್ರಿಲ್ 22

ಅಮ್ಮ ಆಸ್ಪತ್ರೆಯಲ್ಲಿ ನಿನ್ನನ್ನು ಕೇಳುತ್ತಿದ್ದಾಗಲೂ ನೀನು ಕೆರೆ ಅಳೆಯುತ್ತಿದ್ದೆ. ಅವಳು ಹೋಗಿ ಎರಡು ಗಂಟೆಯಾದ ಮೇಲೆ ಬಂದೆ. ಬೂಟಿನ ಮಣ್ಣು ಸಹ ಒರೆಸಿರಲಿಲ್ಲ. ಆವತ್ತು ನಾನು ಏನೂ ಅನ್ನಲಿಲ್ಲ. ಇವತ್ತು ಅನ್ನುತ್ತಿದ್ದೇನೆ.

ಲೊರೇನ್


ಮ್ಯೂಲ್ ಕೆರೆ
1962 ಮೇ 6

ಲೊರೇನ್,

ನಿನ್ನೆಯ ಚೀಟಿಯಲ್ಲಿ ಮೂರೂ ಮುಕ್ಕಾಲು ಎಂದು ಬರೆದೆ. ಕೆರೆಯ ನಡುವೆ ಅಡಿಯಿಂದ ನೀರು ಜಿನುಗುತ್ತಿದೆ ಎಂದೂ ಸೇರಿಸಿದೆ. ಬರ್ನಿಸ್ ಮುದ್ರೆ ಒತ್ತಿ ಚೀಲಕ್ಕೆ ಹಾಕಿದಳು. ಎಷ್ಟು ಸುಲಭವಾಗಿ ಆಗಿಹೋಯಿತು ನೋಡು.

ನಿಜವಾಗಿ ಎಷ್ಟಿತ್ತು ಎಂದು ನೀನು ಕೇಳಬೇಡ.

ಅಪ್ಪ


ವಾಯುನೆಲೆ ವಸತಿ
1962 ಮೇ 20

ಅಪ್ಪಾ,

ಹಾರಾಟವನ್ನು ಎರಡು ಸಲ ಮುಂದೆ ಹಾಕಿದರು. ಡ್ವೈಟ್ ಮೊದಲ ಎರಡು ದಿನ ಗೊಣಗಿದ. “ನಿಮ್ಮಪ್ಪನ ಕೆರೆಗೆ ಈ ವರ್ಷ ಏನು ರೋಗ ಬಂತೇ?” ಎಂದ. ನಾನು ಬೆನ್ನು ತಿರುಗಿಸಿ ಆಲೂಗಡ್ಡೆ ಸುಲಿಯುತ್ತಿದ್ದೆ. ಸದ್ಯ, ಅವನಿಗೆ ನನ್ನ ಮುಖ ಕಾಣಲಿಲ್ಲ.

ಆಮೇಲೆ ಮನೆಗೆ ಬೇಗ ಬರಲು ಶುರು ಮಾಡಿದ. ಟೆಸ್‌ಗೆ ಉಯ್ಯಾಲೆ ಕಟ್ಟಿಕೊಟ್ಟ. ಹಿತ್ತಲಲ್ಲಿ ಟೊಮೇಟೊ ನೆಟ್ಟಿದ್ದಾನೆ, ಈ ಮಣ್ಣಿನಲ್ಲಿ ಬರುವುದಿಲ್ಲ ಎಂದರೂ ಕೇಳಲಿಲ್ಲ. ನಿನ್ನೆ ಮಧ್ಯಾಹ್ನ ಸೋಫಾದ ಮೇಲೆ ಎರಡು ಗಂಟೆ ನಿದ್ದೆ ಮಾಡಿದ. ನಾನು ಕಬ್ಬಿಣದ ಬಾಣಲೆಯನ್ನು ಕೆಳಗಿಡಲೂ ಹೆದರಿ ಕೈಯಲ್ಲೇ ಹಿಡಿದು ನಿಂತಿದ್ದೆ. ಲೋಟ ಸದ್ದು ಮಾಡುತ್ತಿಲ್ಲ ಅಪ್ಪಾ.

ಅಮ್ಮನ ವಿಷಯ ಎತ್ತಿ ನಾನು ಬರೆದ ಕಾಗದವನ್ನೂ ಒಲೆಗೆ ಹಾಕು.

ನಿನ್ನ ಲೊರೇನ್


ಹಾರಾಟ ಕಚೇರಿ, ವಾಯುನೆಲೆ
1962 ಮೇ 29

ಶ್ರೀ ಪ್ರುಯಿಟ್ ಅವರಿಗೆ,

ನಿಮ್ಮ ನಾಲ್ಕು ವಾರದ ಚೀಟಿಗಳೂ ತಲುಪಿವೆ. ಮ್ಯೂಲ್ ಕೆರೆ ಒಣಗುವುದನ್ನು ಇನ್ನು ಕಾಯುವಂತಿಲ್ಲ, ಮೇಲಿನಿಂದ ಒತ್ತಡವಿದೆ. ಆದ್ದರಿಂದ ಕಪ್ಪು ವಿಮಾನವನ್ನು ದೊಡ್ಡ ವಿಮಾನದಿಂದ ಉತ್ತರದ ಸ್ಯಾಡ್ಲರ್ ಕೆರೆಯ ಮೇಲೆ ಬಿಡಲು ತೀರ್ಮಾನಿಸಿದ್ದೇವೆ. ಮ್ಯೂಲ್ ಕೆರೆಯನ್ನು ಪಟ್ಟಿಯಿಂದ ತೆಗೆಯಲಾಗಿದೆ. ಹಾರಾಟ ಜೂನ್ 14ರ ಗುರುವಾರ. ನೀವು ಜೂನ್ 10ರೊಳಗೆ ಸ್ಯಾಡ್ಲರ್ ಕೆರೆಗೆ ಹೋಗಿ ಅಳತೆ ಮಾಡಿ, ಹಾರಾಟ ಮುಗಿಯುವವರೆಗೆ ಅಲ್ಲೇ ಇರಬೇಕು.

ಹೋದ ವಾರ ನಾನು ವಿಮಾನದಲ್ಲಿ ನಿಮ್ಮ ಕೆರೆಯ ಮೇಲೆ ಹೋದೆ. ಮೇಲಿನಿಂದ ಬಿಳಿಚಿಕೊಂಡು ಒಣಗಿದಂತೆಯೇ ಕಂಡಿತು. ಆದರೆ ನೆಲದ ಮೇಲೆ ಇರುವವರು ನೀವು. ನಿಮ್ಮ ಮಾತೇ ಕೊನೆ.

ವಿಶ್ವಾಸಪೂರ್ವಕ,
ಎಲ್. ಟಟಲ್


ಬರ್ನಿಸ್ ಅಂಗಡಿ
1962 ಜೂನ್ 2

ಲೊರೇನ್,

ಟಟಲ್ ಅವರ ಕಾಗದ ಈಗ ಕೈಗೆ ಬಂತು. ಅಂಗಡಿಯಲ್ಲೇ ನಿಂತು ಬರೆಯುತ್ತಿದ್ದೇನೆ.

ಅವರು ದಾರಿ ಬದಲಿಸಿದ್ದಾರೆ, ನಿನಗೆ ಗೊತ್ತಾಗಿರಬೇಕು. ನಾವು ಹಾರಾಟ ನಿಲ್ಲಿಸಲಿಲ್ಲ, ಒಂದು ಕೆರೆಯನ್ನು ಅಳಿಸಿದೆವು, ಅಷ್ಟೇ. ನಕ್ಷೆ ಇಟ್ಟುಕೊಂಡು ನೋಡಿದೆ. ಸ್ಯಾಡ್ಲರ್ ದಾಟಿದ ಮೇಲೆ ಮುಂದಿನ ಕೆರೆ ಸಿಗುವವರೆಗೆ ಅರ್ಧ ನಿಮಿಷದ ಹಾದಿ ಇದೆ. ಆ ಅರ್ಧ ನಿಮಿಷದಲ್ಲಿ ರಾಕೆಟ್ ನಿಂತರೆ ಕೆಳಗೆ ಇರುವುದು ಮ್ಯೂಲ್ ಕೆರೆ ಒಂದೇ. ಅದು ಗಟ್ಟಿಯಾಗಿದೆ. ಕಲ್ಲಿನಂತೆ ಗಟ್ಟಿಯಾಗಿದೆ. ಆದರೆ ಡ್ವೈಟ್‌ಗೆ ಅದು ಕೆಸರು.

ನಾನು ಟಟಲ್ ಅವರಿಗೆ ನಿಜ ಹೇಳಬೇಕು. ಹೇಳಿದರೆ ಹಿಂದಿನ ನಾಲ್ಕು ಚೀಟಿಯ ಬಗ್ಗೆ ಕೇಳುತ್ತಾರೆ, ನೀನೂ ಸಿಕ್ಕಿಬೀಳುತ್ತೀಯ. ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ಹೂಂ ಅನ್ನು. ಅಥವಾ ನೀನೇ ಡ್ವೈಟ್‌ನ ಕಿವಿಗೆ ಹಾಕು. ಇಲ್ಲಿ ಫೋನಿಲ್ಲ, ಎರಡರಲ್ಲಿ ಒಂದು ಮಾಡಿ ತಕ್ಷಣ ಬರಿ.

ಅಪ್ಪ


ಬರ್ನಿಸ್ ಅಂಗಡಿ
1962 ಜೂನ್ 9

ಲೊರೇನ್,

ನಿನ್ನಿಂದ ಕಾಗದವಿಲ್ಲ. ಬುಧವಾರ ಬಂದು ನೋಡಿದೆ, ಶುಕ್ರವಾರ ಬಂದು ನೋಡಿದೆ, ಇವತ್ತೂ ಇಲ್ಲ.

ಟಟಲ್ ಅವರಿಗೆ ಬರೆದದ್ದು ಜೇಬಿನಲ್ಲಿದೆ. ಮೂರು ಸಲ ತೆಗೆದೆ, ಮೂರು ಸಲ ಒಳಗಿಟ್ಟೆ. ಬರ್ನಿಸ್ ನೋಡಿ ನೋಡಿ ಸಾಕಾಗಿ, “ಹಾರ್ಲನ್, ಆ ಕಾಗ್ದ ಅಂಚೆಗೆ ಹಾಕೋದೋ, ಇಲ್ಲ ಜೇಬಲ್ಲೇ ಕಾವು ಕೊಟ್ಟು ಮರಿ ಮಾಡ್ಸೋದೋ?” ಎಂದಳು. ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ನೀನು ಬಹುಶಃ ಡ್ವೈಟ್‌ಗೆ ಹೇಳಿರುತ್ತೀಯ. ಅದಕ್ಕೇ ಬರೆದಿಲ್ಲ. ಹಾಗೆಂದುಕೊಂಡು ನಾಳೆ ಸ್ಯಾಡ್ಲರ್‌ಗೆ ಹೊರಡುತ್ತೇನೆ. ನನಗೆ ಸಾಕಾಗಿದೆ ಮಗಳೇ. ಯೋಚನೆ ಮಾಡಿ ಮಾಡಿ ತಲೆಯೊಳಗೆ ಜಾಗ ಉಳಿದಿಲ್ಲ.

ಅಪ್ಪ


ವಾಯುನೆಲೆ ಆಸ್ಪತ್ರೆ
1962 ಜೂನ್ 17

ಅಪ್ಪಾ,

ಡ್ವೈಟ್‌ನ ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬೆನ್ನುಮೂಳೆ ಎರಡು ಕಡೆ ಮುರಿದಿದೆ. ನಡೆಯುತ್ತಾನೆ, ಆದರೆ ಇನ್ನು ಹಾರುವುದಿಲ್ಲ. ಕಪ್ಪು ವಿಮಾನವನ್ನೂ ಇಲ್ಲ, ಯಾವ ವಿಮಾನವನ್ನೂ ಇಲ್ಲ.

ನಿನ್ನ ಜೂನ್ 2ರ ಕಾಗದ ನನಗೆ 5ರ ಮಂಗಳವಾರವೇ ಬಂದಿತ್ತು. ಹಿಟ್ಟಿನ ಡಬ್ಬಿಯೊಳಗೆ ಮುಚ್ಚಿಟ್ಟೆ. ಒಂಬತ್ತು ದಿನ ಅದೇ ಡಬ್ಬಿಯಿಂದ ಹಿಟ್ಟು ತೆಗೆದು ಅವನಿಗೆ ಬಿಸ್ಕತ್ತು ಸುಟ್ಟುಕೊಟ್ಟೆ. ಹಾರಾಟದ ಹಿಂದಿನ ದಿನ, ಬುಧವಾರ ಸಂಜೆ ಹೇಳಲು ಹೋದೆ. ಅವನು ಟೊಮೇಟೊ ಗಿಡಕ್ಕೆ ನೀರು ಹಾಕುತ್ತಿದ್ದ. ಒಂದು ಹೂ ಬಿಟ್ಟಿದೆ ಎಂದು ತೋರಿಸಿದ. ನಾನು ಹೇಳದೆಯೇ ಒಳಗೆ ಬಂದೆ. ನೀನು ಟಟಲ್ ಅವರಿಗೆ ಬರೆದಿರುತ್ತೀಯ ಎಂದುಕೊಂಡೆ.

ಗುರುವಾರ ಯಾರೂ ಫೋನು ಮುಟ್ಟಲಿಲ್ಲ. ಹಾರಾಟದ ದಿನ ಈ ಬೀದಿಯಲ್ಲಿ ಯಾರೂ ಫೋನು ಮುಟ್ಟುವುದಿಲ್ಲ, ಲೈನು ಖಾಲಿ ಇರಲಿ ಎಂದು. ಹತ್ತು ಮುಕ್ಕಾಲಿಗೆ ನನ್ನದೇ ಬಡಿಯಿತು.

ನನಗೆ ಬೇಕಾದದ್ದು ಸಿಕ್ಕಿತು ಅಪ್ಪಾ. ಇನ್ನು ಅವನು ಮನೆಯಲ್ಲೇ ಇರುತ್ತಾನೆ. ಗೋಡೆ ನೋಡುತ್ತ ಮಲಗಿದ್ದಾನೆ.

ಲೊರೇನ್


ವಾಯುನೆಲೆ ಆಸ್ಪತ್ರೆ
1962 ಜುಲೈ 22

ಮಾವನವರಿಗೆ,

ಇದನ್ನು ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ.

ಆವತ್ತು ನಡೆದದ್ದು ನಿಮಗೆ ತಿಳಿಯಬೇಕು. ರಾಕೆಟ್ ಮೂವತ್ತೆಂಟು ಸೆಕೆಂಡು ಉರಿದು ನಿಂತಿತು. ಇನ್ನೊಂದು ಸಲ ಹೊತ್ತಿಸಲು ನೋಡಿದೆ, ಆಗಲಿಲ್ಲ. ಉಳಿದ ಇಂಧನ ಹೊರಗೆ ಚೆಲ್ಲಿ ತಿರುಗಿದೆ. ಕೈಗೆಟುಕುವಂತೆ ಇದ್ದದ್ದು ನಿಮ್ಮ ಕೆರೆ ಒಂದೇ. ಟಾರಿನ ಗೆರೆ ಮೂಗಿನ ನೇರಕ್ಕೆ ಕಾಣುತ್ತಿತ್ತು. ಅದರ ಮೇಲೆ ಇಳಿಸುವುದು ನನಗೆ ಕಣ್ಣು ಮುಚ್ಚಿ ಮಾಡುವ ಕೆಲಸ. ಆದರೆ ನಡುವೆ ಅಡಿಯಿಂದ ನೀರು ಜಿನುಗುತ್ತಿದೆ ಎಂದು ನೀವು ಬರೆದಿದ್ದಿರಿ. ನಮ್ಮ ವಿಮಾನಕ್ಕೆ ಹಿಂದೆ ಚಕ್ರವಿಲ್ಲ, ನೆಲದ ಮೇಲೆ ಜಾರುವ ಎರಡು ಉಕ್ಕಿನ ಪಟ್ಟಿ. ಕೆಸರಿಗೆ ಸಿಕ್ಕರೆ ಮಗುಚುತ್ತದೆ. ಅದಕ್ಕೆ ಗೆರೆ ಬಿಟ್ಟು ಪೂರ್ವದ ದಂಡೆಗೆ ಹೋದೆ, ಅಲ್ಲಿ ಜಲ್ಲಿ ನೆಲ ಗಟ್ಟಿ ಇರುತ್ತದೆ ಎಂದು. ಎಡಗಡೆಯ ಪಟ್ಟಿ ಬಂಡೆಗೆ ಬಡಿಯಿತು.

ಎಚ್ಚರವಾದಾಗ ವಿಮಾನದೊಳಗೆ ತಲೆಕೆಳಗಾಗಿ ನೇತಾಡುತ್ತಿದ್ದೆ. ಸ್ಯಾಡ್ಲರ್ ಕಡೆಯಿಂದ ಹೊರಟ ಅಗ್ನಿಶಾಮಕ ಲಾರಿ ಕೆರೆಯ ನಡುವಿನಿಂದ ನೇರವಾಗಿ ನನ್ನ ಕಡೆ ಬರುತ್ತಿರುವುದು ಒಡೆದ ಗಾಜಿನಿಂದ ಕಂಡಿತು. ಅದರ ಹಿಂದೆ ಆಳೆತ್ತರ ಧೂಳು. ಕೆಸರಿನಲ್ಲಿ ಧೂಳು ಏಳುವುದಿಲ್ಲ ಮಾವ. ನನಗೆ ನೋವಿಗಿಂತ ಮೊದಲು ಅದು ತಿಳಿಯಿತು.

ಲೊರೇನ್‌ಳನ್ನು ನಾನಾಗಿ ಕೇಳಲಿಲ್ಲ. ಅವಳೇ ಹೇಳಿದಳು, ಹೋದ ವಾರ. ಅವಳ ಮೇಲೆ ಕೂಗಾಡಬೇಕೆನಿಸಿತು. ಆದರೆ ಕೂಗಾಡಲು ಬೆನ್ನು ಬೇಕು. ಮೇ ತಿಂಗಳ ಆ ನಾಲ್ಕು ವಾರ ನನ್ನ ಜೀವನದಲ್ಲೇ ಚೆನ್ನಾಗಿದ್ದವು. ಅದೂ ನೀವು ಕೊಟ್ಟದ್ದೇ. ಯಾವುದಕ್ಕೆ ಸಿಟ್ಟು ಮಾಡಲಿ?

ಟಟಲ್ ಮತ್ತು ಇಬ್ಬರು ಬಂದು, ಗೆರೆ ಬಿಟ್ಟು ದಂಡೆಗೆ ಏಕೆ ಹೋದೆ ಎಂದು ಕೇಳಿದರು. ನಿಮ್ಮ ಕೊನೆಯ ಚೀಟಿ ಹತ್ತೊಂಬತ್ತು ದಿನ ಹಳೆಯದು, ಅಷ್ಟರಲ್ಲಿ ಒಣಗಿರಬಹುದು ಎಂದು ಪೈಲಟ್‌ಗೆ ಹೊಳೆಯಬೇಕಿತ್ತು ಎಂದರು. ನಾನು, “ಹೌದು, ಮೇಲಿಂದ ಗಟ್ಟಿಯಾಗೇ ಕಾಣ್ತಿತ್ತು. ನಾನೇ ತಪ್ಪು ಮಾಡ್ದೆ” ಎಂದೆ. ಬರೆದುಕೊಂಡು ಹೋದರು. ಪೈಲಟ್‌ನ ತಪ್ಪು ಎಂದು ವರದಿಯಾಗುತ್ತದೆ. ಆಗಲಿ. ಹೇಗೂ ನಾನಿನ್ನು ಹಾರುವವನಲ್ಲ.

ಒಂದು ಮಾತು. ಅಕ್ಟೋಬರ್‌ನಲ್ಲಿ ಮಾರ್ವಿನ್ ಹಾರುತ್ತಾನೆ. ನನಗೆ ಫೋನು ಮಾಡಿ, ಮ್ಯೂಲ್ ಕೆರೆಯ ಚೀಟಿಯನ್ನು ನಂಬಬಹುದಾ ಎಂದು ಕೇಳಿದ. ಹಿಂದೆಯಾಗಿದ್ದರೆ ನಕ್ಕುಬಿಡುತ್ತಿದ್ದೆ. ಈ ಸಲ ಫೋನು ಇಟ್ಟುಬಿಟ್ಟೆ.

ನಿಮ್ಮ
ಡ್ವೈಟ್ ಸೊರೆನ್ಸನ್


ಮ್ಯೂಲ್ ಕೆರೆ
1962 ಜುಲೈ 28

ಶ್ರೀ ಟಟಲ್ ಅವರಿಗೆ,

ನಾನು ಮೇ ತಿಂಗಳಲ್ಲಿ ಕಳಿಸಿದ ನಾಲ್ಕು ಚೀಟಿಗಳೂ ಸುಳ್ಳು. ನಿಜವಾದ ಅಳತೆ ನನ್ನ ನೋಟ್‌ಬುಕ್ಕಿನಲ್ಲಿದೆ, ಅದನ್ನು ಇದರ ಜೊತೆ ಇಟ್ಟಿದ್ದೇನೆ. ಮೇ 5ರಂದು ಎರಡೂ ಮುಕ್ಕಾಲು ಇಂಚು. 12ರಂದೂ ಅಷ್ಟೇ. 19ರಂದು ಎರಡೂವರೆ. 26ರಂದು ಎರಡೂ ಕಾಲು. ಕೆರೆಯ ನಡುವೆ ನೀರು ಜಿನುಗುತ್ತಿರಲಿಲ್ಲ.

ಡ್ವೈಟ್ ಸೊರೆನ್ಸನ್ ತಪ್ಪು ಮಾಡಿಲ್ಲ. ಗೆರೆಯ ಮೇಲೆ ಇಳಿದಿದ್ದರೆ ಅವನು ಎದ್ದು ನಡೆದುಕೊಂಡು ಬರುತ್ತಿದ್ದ. ನನ್ನ ಚೀಟಿ ನಂಬಿದ್ದಕ್ಕೆ ಅವನು ದಂಡೆಗೆ ಹೋದ. ಮೇಲಿನಿಂದ ಗಟ್ಟಿಯಾಗಿ ಕಂಡಿತು ಎಂದು ಅವನು ನಿಮಗೆ ಹೇಳಿದ್ದರೆ, ಅದು ಮುದುಕನನ್ನು ಉಳಿಸಲು ಹೇಳಿದ್ದು. ವರದಿಯಲ್ಲಿ ಅವನ ಹೆಸರಿನ ಮುಂದೆ ಬರೆದದ್ದನ್ನು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ.

ಏಕೆ ಮಾಡಿದೆ ಎಂದು ಕೇಳುತ್ತೀರಿ. ಆ ವಿಮಾನದಲ್ಲಿ ನನ್ನ ಅಳಿಯನಿದ್ದ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ, ಎಷ್ಟು ಕೇಳಿದರೂ.

ಹಾರಾಟದ ಗುರುವಾರ ಬೆಳಿಗ್ಗೆ ಸ್ಯಾಡ್ಲರ್‌ನಲ್ಲಿ ನಿಂತು ನೋಡುತ್ತಿದ್ದೆ. ಆಕಾಶದಲ್ಲಿ ರಾಕೆಟ್ಟಿನ ಬಿಳಿ ಗೆರೆ ಉದ್ದವಾಗುತ್ತ ಹೋಗಿ ನಡುವೆ ಕಡಿದುಹೋಯಿತು. ಟ್ರಕ್ಕಿನ ರೇಡಿಯೋದಲ್ಲಿ ಅವನ ಧ್ವನಿ ಕೇಳಿತು. ಸ್ವಲ್ಪವೂ ಗಾಬರಿಯಿಲ್ಲದೆ, “ಮಾವನ ಕೆರೆ ಮೆತ್ತಗಿದೆಯಂತೆ, ದಂಡೆಗೆ ಹೋಗ್ತೀನಿ” ಎಂದ. ನನ್ನ ಟ್ರಕ್ಕಿನ ರೇಡಿಯೋ ಕೇಳುವುದಕ್ಕೆ ಮಾತ್ರ, ಮಾತಾಡುವುದಕ್ಕೆ ಬರುವುದಿಲ್ಲ. ಆದರೂ ಅದರ ಮುಂದೆ ಬಾಯಿ ಇಟ್ಟು, ಗಟ್ಟಿ ಇದೆ, ಗಟ್ಟಿ ಇದೆ ಎಂದು ಕೂಗಿದೆ. ನಿಮಗೆ ಬರೆದಿದ್ದ ಕಾಗದ ಆಗಲೂ ಜೇಬಿನಲ್ಲೇ ಇತ್ತು.

ಟ್ರೇಲರ್ ಮನೆಯ ಬೀಗದ ಕೈ ಬರ್ನಿಸ್ ಹತ್ತಿರ ಇರುತ್ತದೆ. ಗುಂಡು ಬಾಗಿಲ ಪಕ್ಕದಲ್ಲಿದೆ. ನನ್ನ ಜಾಗಕ್ಕೆ ಕಳಿಸುವವನಿಗೆ ಆ ವಿಮಾನದಲ್ಲಿ ತನ್ನವರು ಅಂತ ಯಾರೂ ಇಲ್ಲದಂತೆ ನೋಡಿಕೊಳ್ಳಿ.

ಇವತ್ತು ಬೆಳಿಗ್ಗೆ ಕೊನೆಯ ಸಲ ನಲವತ್ತು ಕಡೆಯೂ ಅಳೆದೆ. ಎಲ್ಲೂ ಎರಡು ಇಂಚು ದಾಟಲಿಲ್ಲ. ಮ್ಯೂಲ್ ಕೆರೆ ಗಟ್ಟಿಯಾಗಿದೆ. ಆದರೆ ನನ್ನ ಮಾತಿನ ಮೇಲೆ ಮಾರ್ವಿನ್‌ನನ್ನು ಕಳಿಸಬೇಡಿ. ಬೇರೆ ಯಾರನ್ನಾದರೂ ಕರೆಸಿ, ಇನ್ನೊಂದು ಸಲ ಗುಂಡು ಬೀಳಿಸಿ ನೋಡಿ.

ಹಾರ್ಲನ್ ಪ್ರುಯಿಟ್